ಹಳೆಯ ಹೈಬ್ರಿಡ್ ಕಾರಿನ ಮೀಟರ್ ಡಿಸ್‌ಪ್ಲೇ ಕಪ್ಪಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನ್ ಚೆನ್ನಾಗಿದೆ, ಎಂಜಿನ್ ಜೊತೆ ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯೂ ಚೆನ್ನಾಗಿದೆ. ಆದರೆ ಒಂದು ದಿನ ಇದ್ದಕ್ಕಿದ್ದಂತೆ ಮೀಟರ್ ಆರಿಹೋಗುತ್ತದೆ. ವೇಗ ಕಾಣುವುದಿಲ್ಲ, ಪೆಟ್ರೋಲ್ ಎಷ್ಟಿದೆ ಗೊತ್ತಾಗುವುದಿಲ್ಲ, ಯಾವ ಗೇರ್‌ನಲ್ಲಿದ್ದೇವೆ ಅಂತಲೂ ತಿಳಿಯುವುದಿಲ್ಲ. 2003ರಿಂದ 2009ರವರೆಗೆ ಬಂದ ಎರಡನೇ ತಲೆಮಾರಿನ ಟೊಯೋಟಾ ಪ್ರಿಯಸ್ ಇಟ್ಟುಕೊಂಡವರಲ್ಲಿ ತುಂಬಾ ಜನ ಇದನ್ನು ಕಂಡಿದ್ದಾರೆ. ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಆ ಕಾರಿನವು. ಉಳಿದ ಹಳೆಯ ಹೈಬ್ರಿಡ್‌ಗಳಿಗೂ ಬಹುಪಾಲು ಹೊಂದುತ್ತವೆ. ಇಷ್ಟು ಚಿಕ್ಕ ಕೆಡುಕಿಗೆ ಒಳ್ಳೆಯ ಕಾರುಗಳನ್ನು ಗುಜರಿಗೆ ಹಾಕುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದಕ್ಕೇ ಇದನ್ನು ವಿವರವಾಗಿ ಬರೆದಿದ್ದೇನೆ.

ಕಾರು ಓಡುತ್ತಿದೆ, ಆದರೆ ಮೀಟರ್ ಪೂರ್ತಿ ಕಪ್ಪು. ಏನಾಗಿರಬಹುದು?

ಎರಡು ಸಾಧ್ಯತೆ ಜಾಸ್ತಿ. ಒಂದು, ಮೀಟರಿಗೆ ಬರಬೇಕಾದ 12 ವೋಲ್ಟ್ ಕರೆಂಟ್ ಸರಿಯಾಗಿ ಬರುತ್ತಿಲ್ಲ. ಫ್ಯೂಸ್, ಸಡಿಲ ಕನೆಕ್ಟರ್ ಅಥವಾ ಸೋತ 12 ವೋಲ್ಟ್ ಬ್ಯಾಟರಿ ಇದಕ್ಕೆ ಕಾರಣವಾಗಿರಬಹುದು. ಇನ್ನೊಂದು, ಕರೆಂಟ್ ಬರುತ್ತಿದೆ, ಆದರೆ ಮೀಟರ್ ಒಳಗಿನ ಸರ್ಕ್ಯೂಟ್ ಬೋರ್ಡ್ ಕೆಟ್ಟಿದೆ. ಬೋರ್ಡ್‌ನಲ್ಲಿ ಮೊದಲು ಕೆಡುವುದು ಸಾಮಾನ್ಯವಾಗಿ ಒಂದು ಪುಟ್ಟ ಕೆಪ್ಯಾಸಿಟರ್, ಅಂದರೆ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವ ಭಾಗ. ಕಡಲೆ ಕಾಳಿನಷ್ಟು ದೊಡ್ಡದು, ಅಷ್ಟೆ.

ಪ್ರಿಯಸ್‌ನಲ್ಲಿ ಇದನ್ನು ಗುರುತಿಸುವುದು ಸುಲಭ. ವೇಗ ತೋರಿಸುವ ಮೇಲಿನ ಡಿಸ್‌ಪ್ಲೇ ಕಪ್ಪಾಗಿರುತ್ತದೆ, ಡ್ಯಾಶ್‌ಬೋರ್ಡ್ ನಡುವಿನ ಟಚ್ ಸ್ಕ್ರೀನ್ ಮಾತ್ರ ಎಂದಿನಂತೆ ಕೆಲಸ ಮಾಡುತ್ತಿರುತ್ತದೆ. ಇವೆರಡೂ ಬೇರೆ ಬೇರೆ ಸಾಧನಗಳು. ಒಂದು ಹೋದ ಮಾತ್ರಕ್ಕೆ ಇನ್ನೊಂದು ಹೋಗಬೇಕಿಲ್ಲ.

ಓಡಿಸುತ್ತಿರುವಾಗಲೇ ಆರಿಹೋಯಿತು. ಈಗ ಏನು ಮಾಡಲಿ?

ಗಾಬರಿ ಬೇಡ. ಬ್ರೇಕ್, ಸ್ಟಿಯರಿಂಗ್, ಎಂಜಿನ್ ಯಾವುದಕ್ಕೂ ಮೀಟರಿನ ಬೆಳಕು ಬೇಕಿಲ್ಲ. ಮುಂದಿನ ವಾಹನದ ಜೊತೆ ಅಂತರ ಇಟ್ಟುಕೊಂಡು, ನಿಧಾನವಾಗಿ ಬದಿಗೆ ಬನ್ನಿ. ಸಮತಟ್ಟಾದ ಜಾಗ ಸಿಕ್ಕರೆ ಒಳ್ಳೆಯದು. ನಿಂತ ಮೇಲೆ ಪಿ (ಪಾರ್ಕಿಂಗ್) ಬಟನ್ ಒತ್ತಿ, ಪಾರ್ಕಿಂಗ್ ಬ್ರೇಕ್ ಗಟ್ಟಿಯಾಗಿ ಹಾಕಿ. ಪಿ ದೀಪದ ಮೇಲೆ ಮಾತ್ರ ನಂಬಿಕೆ ಇಟ್ಟು ಇಳಿಯಬೇಡಿ.

ಆಮೇಲೆ ಕಾರು ಆಫ್ ಮಾಡಿ. ಅದು ಆಫ್ ಆಗದೇ ಇರಬಹುದು. ಅದಕ್ಕೆ ಮುಂದಿನ ಉತ್ತರ ನೋಡಿ.

ಪವರ್ ಬಟನ್ ಒತ್ತಿದರೂ ಕಾರು ಆಫ್ ಆಗುತ್ತಿಲ್ಲ. ಮೀಟರಿಗೂ ಇದಕ್ಕೂ ಏನು ಸಂಬಂಧ?

ಈ ಪ್ರಶ್ನೆ ಕೇಳದವರೇ ಇಲ್ಲ. ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಕಾರು ಎಷ್ಟು ವೇಗದಲ್ಲಿದೆ ಎಂಬ ಮಾಹಿತಿ ಮೀಟರ್ ಮೂಲಕ ಪವರ್ ಬಟನ್ ನೋಡಿಕೊಳ್ಳುವ ಕಂಪ್ಯೂಟರಿಗೆ ಹೋಗುತ್ತದೆ. ಕಾರು ಓಡುತ್ತಿರುವಾಗ ಕೈ ತಾಗಿ ಆಫ್ ಆಗಬಾರದು, ಅದಕ್ಕಾಗಿ ಈ ವ್ಯವಸ್ಥೆ. ಮೀಟರ್ ಸತ್ತರೆ ವೇಗದ ಮಾಹಿತಿ ನಿಲ್ಲುತ್ತದೆ. ಕಾರು ನಿಂತಿದೆ ಎಂದು ಆ ಕಂಪ್ಯೂಟರಿಗೆ ಖಾತ್ರಿಯಾಗುವುದಿಲ್ಲ. ಹಾಗಾಗಿ ಮಾಮೂಲಿಯಂತೆ ಒಂದು ಸಲ ಒತ್ತಿದರೆ ಅದು ಕೇಳುವುದಿಲ್ಲ.

ಇದಕ್ಕೆ ದಾರಿ ಇದೆ. ಕಾರು ಪೂರ್ತಿ ನಿಂತ ಮೇಲೆ ಪವರ್ ಬಟನ್ ಒತ್ತಿ, ಮೂರು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹೊತ್ತು ಹಾಗೇ ಹಿಡಿದುಕೊಳ್ಳಿ. ತುರ್ತು ಸಮಯಕ್ಕೆಂದು ಇಟ್ಟಿರುವ ಈ ವಿಧಾನದಲ್ಲಿ ಕಾರು ಆಫ್ ಆಗುತ್ತದೆ. ಆಫ್ ಆಗಿದೆಯೇ ಎಂದು ನಡುವಿನ ಸ್ಕ್ರೀನ್ ಮತ್ತು ಎಸಿ ಫ್ಯಾನ್ ನೋಡಿ ಖಚಿತಪಡಿಸಿಕೊಳ್ಳಿ.

ಸಮಯ ಸಿಕ್ಕಾಗ ರಿಪೇರಿ ಮಾಡಿಸುತ್ತೇನೆ. ಅಲ್ಲಿಯವರೆಗೆ ಹೀಗೇ ಓಡಿಸಬಹುದಾ?

ದಯವಿಟ್ಟು ಬೇಡ. ವೇಗ ನೋಡಲು ಫೋನಿನ ಜಿಪಿಎಸ್ ಇದೆಯಲ್ಲ ಎನ್ನುತ್ತಾರೆ. ಮನೆಗೋ ಗ್ಯಾರೇಜಿಗೋ ತಲುಪುವವರೆಗೆ ಅದು ಸಾಕು. ಆದರೆ ಈ ಕಾರಿನಲ್ಲಿ ವೇಗ ಕಾಣದಿರುವುದಕ್ಕಿಂತ ದೊಡ್ಡ ಅಪಾಯಗಳು ಬೇರೆ ಇವೆ.

ಗೇರ್ ಲಿವರ್ ಬಿಟ್ಟ ಕೂಡಲೇ ತನ್ನಷ್ಟಕ್ಕೆ ನಡುವಿಗೆ ಬಂದು ನಿಲ್ಲುತ್ತದೆ. ಮುಂದಕ್ಕೆ ಹೋಗುವ ಡಿ ಹಾಕಿದ್ದೀರೋ ಹಿಂದಕ್ಕೆ ಹೋಗುವ ಆರ್ ಹಾಕಿದ್ದೀರೋ ಎಂದು ಲಿವರ್ ನೋಡಿದರೆ ಗೊತ್ತಾಗುವುದಿಲ್ಲ. ಅದನ್ನು ಹೇಳುವುದು ಮೀಟರ್ ಮಾತ್ರ. ರಿವರ್ಸ್‌ನಲ್ಲಿ ಒಳಗೆ ಬೀಪ್ ಸದ್ದು ಬರುತ್ತದೆ ನಿಜ, ಆದರೆ ಪ್ರತಿ ಸಲ ಕಿವಿಯನ್ನೇ ನಂಬಿ ಕೂರಲು ಆಗುತ್ತದೆಯೇ?

ಎರಡನೆಯದು ಇನ್ನೂ ಗಂಭೀರ. ಹೈಬ್ರಿಡ್ ಕಾರು ನಿಂತಾಗ ಸದ್ದೇ ಇರುವುದಿಲ್ಲ. ಕಾರು ಆನ್ ಇದೆ, ಓಡಲು ಸಿದ್ಧ ಎಂದು ತೋರಿಸುವ ರೆಡಿ ದೀಪವೂ ಕಾಣದಿದ್ದರೆ ಆಫ್ ಆಗಿದೆ ಎಂದುಕೊಂಡು ಇಳಿದು ಹೋಗುವುದು ತುಂಬಾ ಸುಲಭ. ಸ್ವಲ್ಪ ಹೊತ್ತಿಗೆ ಬ್ಯಾಟರಿ ಚಾರ್ಜ್ ಮಾಡಲು ಎಂಜಿನ್ ತಾನಾಗಿಯೇ ಶುರುವಾಗುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಹೀಗಾದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯಬಲ್ಲದು. ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇನ್ನು ಪೆಟ್ರೋಲ್. ಮುಳ್ಳೋ ಗೆರೆಯೋ ಕಾಣದಿದ್ದರೆ ಟ್ಯಾಂಕ್ ಖಾಲಿಯಾಗುವುದು ಗೊತ್ತಾಗುವುದಿಲ್ಲ. ಪೆಟ್ರೋಲ್ ಮುಗಿದ ಮೇಲೂ ಹೈಬ್ರಿಡ್ ಕಾರು ಬ್ಯಾಟರಿಯಲ್ಲಿ ಸ್ವಲ್ಪ ದೂರ ಹೋಗುತ್ತದೆ. ಹಾಗೆ ಓಡಿಸಿ ದೊಡ್ಡ ಬ್ಯಾಟರಿಯನ್ನು ತೀರಾ ಇಳಿಸಿದರೆ, ಮೀಟರಿನ ಚಿಕ್ಕ ತೊಂದರೆ ದೊಡ್ಡ ಖರ್ಚಿಗೆ ತಿರುಗುತ್ತದೆ. ಎಂಜಿನ್ ಆಯಿಲ್, ಬ್ರೇಕ್, ಏರ್‌ಬ್ಯಾಗ್ ಎಚ್ಚರಿಕೆಯ ದೀಪಗಳೂ ಅದೇ ಮೀಟರಿನಲ್ಲಿ ಇರುತ್ತವೆ ಎಂಬುದನ್ನು ಮರೆಯಬೇಡಿ.

ಹೈಬ್ರಿಡ್ ಬ್ಯಾಟರಿ ಹೋಗಿದೆ, ಅದಕ್ಕೇ ಮೀಟರ್ ಬರುತ್ತಿಲ್ಲ ಎಂದು ಮೆಕ್ಯಾನಿಕ್ ಹೇಳಿದರು. ಹೌದಾ?

ಕಾರು ಎಂದಿನಂತೆ ಓಡುತ್ತಿದ್ದರೆ ಆ ಮಾತನ್ನು ಒಪ್ಪಬೇಡಿ. ಎರಡನೇ ತಲೆಮಾರಿನ ಪ್ರಿಯಸ್‌ನ ದೊಡ್ಡ ಬ್ಯಾಟರಿ 201.6 ವೋಲ್ಟ್‌ನದು. ತಲಾ 7.2 ವೋಲ್ಟ್‌ನ 28 ಮಾಡ್ಯೂಲ್‌ಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಅದು ಕಾರನ್ನು ಓಡಿಸಲು. ಮೀಟರ್ ನಡೆಯುವುದು ಬೇರೆ ಕಾರುಗಳಂತೆಯೇ 12 ವೋಲ್ಟ್‌ನಲ್ಲಿ.

ನನ್ನ ಗೆಳೆಯರೊಬ್ಬರ ಕಾರಿಗೆ ಹೀಗೇ ಆಯಿತು. ಒಂದು ಗ್ಯಾರೇಜಿನಲ್ಲಿ ಹೈಬ್ರಿಡ್ ಸಿಸ್ಟಮ್ ಪೂರ್ತಿ ಬದಲಾಯಿಸಬೇಕು ಎಂದುಬಿಟ್ಟರು. ಅವರು ಕಾರು ಮಾರಲು ಹೊರಟಿದ್ದರು. ಕೊನೆಗೆ ಮೀಟರ್ ಬಿಚ್ಚಿ ನೋಡಿದಾಗ ಸಿಕ್ಕಿದ್ದು ತಳದಲ್ಲಿ ಸೋರಿ ಒದ್ದೆಯಾಗಿದ್ದ ಒಂದೇ ಒಂದು ಕೆಪ್ಯಾಸಿಟರ್. ಅದನ್ನು ಬದಲಾಯಿಸಿದ ಮೇಲೆ ಆ ಕಾರು ಇನ್ನೂ ಓಡುತ್ತಿದೆ. ಅಂದಿನಿಂದ ಯಾರಾದರೂ ಕೇಳಿದರೆ, ದೊಡ್ಡದನ್ನು ಬದಲಾಯಿಸುವ ಮೊದಲು ಚಿಕ್ಕದನ್ನು ನೋಡಿ ಎಂದೇ ಹೇಳುತ್ತೇನೆ.

ಹಾಗಾದರೆ ಮೊದಲು ಏನನ್ನು ಪರೀಕ್ಷಿಸಬೇಕು?

12 ವೋಲ್ಟ್ ಬ್ಯಾಟರಿ. ಪ್ರಿಯಸ್‌ನಲ್ಲಿ ಅದು ಬಾನೆಟ್ ಕೆಳಗಿಲ್ಲ, ಡಿಕ್ಕಿಯ ಬಲ ಮೂಲೆಯಲ್ಲಿ ಇದೆ. ಇದು ಸೋತಾಗ ಹೈಬ್ರಿಡ್ ಕಾರು ಚಿತ್ರವಿಚಿತ್ರವಾಗಿ ಆಡುತ್ತದೆ. ದೀಪಗಳು ಮಿನುಗುತ್ತವೆ, ಡಿಸ್‌ಪ್ಲೇ ಬಂದು ಹೋಗುತ್ತದೆ, ಇಲ್ಲದ ಎಚ್ಚರಿಕೆಗಳೆಲ್ಲ ಹತ್ತಿಕೊಳ್ಳುತ್ತವೆ.

ಕಾರು ಆಫ್ ಮಾಡಿ ಕೆಲವು ಗಂಟೆ ಬಿಟ್ಟು, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಚ್ಚಿ. ಸುಮಾರು 12.6 ವೋಲ್ಟ್ ಇದ್ದರೆ ಚೆನ್ನಾಗಿದೆ. 12ಕ್ಕಿಂತ ಕಡಿಮೆ ಇದ್ದರೆ ಮೊದಲು ಬ್ಯಾಟರಿಯ ಕಡೆ ನೋಡಿ. ರೆಡಿ ಸ್ಥಿತಿಯಲ್ಲಿ 13.8ರಿಂದ 14.4ರ ಆಸುಪಾಸು ಇರಬೇಕು. ಈ ಕಾರಿನಲ್ಲಿ 12 ವೋಲ್ಟ್ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಇಲ್ಲ. ದೊಡ್ಡ ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಡಿಸಿ ಕನ್ವರ್ಟರ್ ಆ ಕೆಲಸ ಮಾಡುತ್ತದೆ.

ಮಲ್ಟಿಮೀಟರ್ ಇಲ್ಲದಿದ್ದರೂ ಪ್ರಿಯಸ್‌ನಲ್ಲಿ ಒಂದು ಉಪಾಯವಿದೆ. ಕಾರು ಆನ್ ಇರುವಾಗ ನಡುವಿನ ಸ್ಕ್ರೀನ್ ಪಕ್ಕದ ಇನ್ಫೋ ಬಟನ್ ಒತ್ತಿ ಹಿಡಿದು, ಪಾರ್ಕಿಂಗ್ ದೀಪವನ್ನು ಮೂರು ಸಲ ಹಾಕಿ ಆರಿಸಿ. ಒಳಗಿನ ತಪಾಸಣೆ ಮೆನು ತೆರೆಯುತ್ತದೆ. ಅದರಲ್ಲಿ ಡಿಸ್‌ಪ್ಲೇ ಚೆಕ್, ಆಮೇಲೆ ವೆಹಿಕಲ್ ಸಿಗ್ನಲ್ ಚೆಕ್ ಆರಿಸಿದರೆ ಬ್ಯಾಟರಿ ವೋಲ್ಟೇಜ್ ಅಂಕಿಯಲ್ಲಿ ಕಾಣುತ್ತದೆ.

ಬ್ಯಾಟರಿ ಸರಿ ಇದ್ದರೆ ಫ್ಯೂಸ್‌ಗಳನ್ನು ನೋಡಿ. ಕಣ್ಣಿಗೆ ಸರಿ ಕಂಡರೂ ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ. ಇವೆಲ್ಲ ಮುಗಿದ ಮೇಲೆಯೇ ಮೀಟರ್ ಬಿಚ್ಚುವ ಮಾತು.

ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಇಲ್ಲ. ತಾನೇ ಸರಿಹೋಗಬಹುದಾ?

ಸರಿಹೋಗುವುದಿಲ್ಲ. ಬಂದುಹೋಗುವ ತೊಂದರೆ ಅಂದರೆ ಭಾಗವೊಂದು ಪೂರ್ತಿ ಕೆಡುವ ದಾರಿಯಲ್ಲಿದೆ ಎಂದರ್ಥ. ಯಾವಾಗ ಹೋಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಚಳಿಯಲ್ಲೇ, ಬಿಸಿಲಲ್ಲಿ ನಿಲ್ಲಿಸಿದ ಮೇಲೆಯೇ, ಗುಂಡಿಗೆ ಬಿದ್ದಾಗಲೇ? ರಿಪೇರಿ ಮಾಡುವವರಿಗೆ ಈ ಚೀಟಿ ತುಂಬಾ ಉಪಯೋಗಕ್ಕೆ ಬರುತ್ತದೆ.

ಅಲ್ಯೂಮಿನಿಯಂ ಕೆಪ್ಯಾಸಿಟರ್ ಒಳಗೆ ಎಲೆಕ್ಟ್ರೋಲೈಟ್ ಎಂಬ ದ್ರವ ಇರುತ್ತದೆ. ಗಾಜಿನಡಿ ಬಿಸಿಲು ಕಾಯುವ ಡ್ಯಾಶ್‌ಬೋರ್ಡ್‌ನಲ್ಲಿ ವರ್ಷಗಟ್ಟಲೆ ಇದ್ದು ಅದು ಮೆಲ್ಲಗೆ ಒಣಗುತ್ತದೆ, ಇಲ್ಲವೇ ತಳದಿಂದ ಸೋರುತ್ತದೆ. ಶಾಖ 10 ಡಿಗ್ರಿ ಹೆಚ್ಚಿದರೆ ಇಂಥ ಕೆಪ್ಯಾಸಿಟರಿನ ಆಯಸ್ಸು ಹತ್ತಿರ ಹತ್ತಿರ ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರ ಲೆಕ್ಕಾಚಾರ. ಹಾಗೆ ಸೊರಗಿದ ಕೆಪ್ಯಾಸಿಟರ್ ಚಳಿಯಲ್ಲಿ ಇನ್ನೂ ಕಳಪೆಯಾಗಿ ಕೆಲಸ ಮಾಡುತ್ತದೆ. ಅದಕ್ಕೇ ತಣ್ಣನೆಯ ಬೆಳಿಗ್ಗೆ ಕಪ್ಪಾಗಿದ್ದ ಮೀಟರ್ ಕಾರಿನ ಒಳಗೆ ಬಿಸಿಯೇರಿದ ಮೇಲೆ ಬಂದುಬಿಡಬಹುದು. ಡ್ಯಾಶ್‌ಬೋರ್ಡ್ ತಟ್ಟಿದಾಗ ಬಂದರೆ ಅನುಮಾನ ಬೆಸುಗೆ ಅಥವಾ ಕನೆಕ್ಟರ್ ಕಡೆಗೆ ಹೋಗಬೇಕು.

ಈ ಡಿಸ್‌ಪ್ಲೇ ಟಿವಿ ಸ್ಕ್ರೀನ್ ತರಹದ್ದೇ?

ಅಲ್ಲ. ಪ್ರಿಯಸ್‌ನ ವೇಗದ ಅಂಕಿಗಳು ನೀಲಿಹಸಿರಾಗಿ ಹೊಳೆಯುತ್ತವಲ್ಲ, ಅದು ವ್ಯಾಕ್ಯೂಮ್ ಫ್ಲೋರೊಸೆಂಟ್ ಡಿಸ್‌ಪ್ಲೇ. 1960ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡದ್ದು. ಹಳೆಯ ವಿಸಿಆರ್, ಮೈಕ್ರೋವೇವ್‌ಗಳಲ್ಲೂ ಇದನ್ನೇ ನೋಡಿರುತ್ತೀರಿ. ಗಾಳಿ ತೆಗೆದ ಗಾಜಿನ ಪೆಟ್ಟಿಗೆಯೊಳಗೆ ಕೂದಲೆಳೆಯಂಥ ತಂತಿಗಳು ಬಿಸಿಯಾಗಿ ಎಲೆಕ್ಟ್ರಾನ್‌ಗಳನ್ನು ಬಿಡುತ್ತವೆ. ಅವು ಹೋಗಿ ಫಾಸ್ಫರ್ ಬಳಿದ ಅಂಕಿಗಳಿಗೆ ತಾಗಿದಾಗ ಬೆಳಕು ಬರುತ್ತದೆ.

ರಿಪೇರಿಗೆ ಮುಖ್ಯವಾದ ವಿಷಯ ಇದು: ಈ ಡಿಸ್‌ಪ್ಲೇಗೆ 12 ವೋಲ್ಟ್ ಸಾಲುವುದಿಲ್ಲ. ಬೋರ್ಡ್‌ನಲ್ಲೇ ಒಂದು ಚಿಕ್ಕ ಪವರ್ ಸಪ್ಲೈ ಇರುತ್ತದೆ. ಅದು ತಂತಿಗೆ ಬೇಕಾದ ಕಡಿಮೆ ವೋಲ್ಟೇಜನ್ನೂ ಅಂಕಿಗಳಿಗೆ ಬೇಕಾದ ಹೆಚ್ಚಿನ ವೋಲ್ಟೇಜನ್ನೂ ಮಾಡಿಕೊಡುತ್ತದೆ. ಕೆಡುವ ಕೆಪ್ಯಾಸಿಟರ್ ಸಾಮಾನ್ಯವಾಗಿ ಕರೆಂಟ್ ಕೊಡುವ ಈ ಭಾಗದ್ದೇ. ಗಾಜಿನ ಡಿಸ್‌ಪ್ಲೇ ತಾನಾಗಿ ಸಾಯುವುದು ಅಪರೂಪ. ವರ್ಷ ಕಳೆದಂತೆ ಸ್ವಲ್ಪ ಮಂಕಾಗುತ್ತದೆ, ಅಷ್ಟೆ. ಆದ್ದರಿಂದ ಪೂರ್ತಿ ಕಪ್ಪಾಗಿದೆ ಎಂದ ಕೂಡಲೇ ಡಿಸ್‌ಪ್ಲೇ ಹೋಯಿತು ಎಂದು ಕೈಬಿಡಬೇಡಿ.

ನನ್ನದು ಪೂರ್ತಿ ಕಪ್ಪಾಗಿಲ್ಲ, ಬೇರೆ ಥರ ಇದೆ.

ಒಂದೆರಡು ಅಂಕಿಯ ಗೆರೆಗಳು ಮಾತ್ರ ಕಾಣದಿದ್ದರೆ ಡಿಸ್‌ಪ್ಲೇಗೂ ಬೋರ್ಡ್‌ಗೂ ನಡುವಿನ ಕಾಲುಗಳ ಬೆಸುಗೆ ಬಿರುಕು ಬಿಟ್ಟಿರಬಹುದು. ಎಲ್‌ಸಿಡಿ ಆಗಿದ್ದರೆ ರಿಬ್ಬನ್ ಕೇಬಲ್ ಬಿಟ್ಟುಕೊಂಡಿರಬಹುದು. ಟಾರ್ಚ್ ಹಿಡಿದರೆ ಅಕ್ಷರ ಮಸುಕಾಗಿ ಕಾಣುತ್ತಿದೆ, ಇಲ್ಲದಿದ್ದರೆ ಕಪ್ಪು ಅಂದರೆ ಎಲ್‌ಸಿಡಿ ಸರಿ ಇದೆ, ಹಿಂದಿನ ಬೆಳಕು ಹೋಗಿದೆ. ಮುಳ್ಳು ಇರುವ ಮೀಟರಿನಲ್ಲಿ ಒಂದೇ ಮುಳ್ಳು ಸಿಕ್ಕಿಕೊಂಡರೆ ಅದರ ಹಿಂದಿನ ಪುಟ್ಟ ಸ್ಟೆಪರ್ ಮೋಟಾರ್ ನೋಡಬೇಕು. ಹಗಲಲ್ಲಿ ಮಾತ್ರ ಮಂಕಾಗಿದ್ದರೆ ಬಿಚ್ಚುವ ಮುಂಚೆ ಬೆಳಕು ಹೆಚ್ಚು ಕಡಿಮೆ ಮಾಡುವ ತಿರುಗಣಿ ನೋಡಿ. ಯಾರೋ ತಿರುಗಿಸಿಟ್ಟಿದ್ದನ್ನು ಕೆಟ್ಟುಹೋಗಿದೆ ಎಂದುಕೊಂಡವರೂ ಇದ್ದಾರೆ.

ಕಾರಿನ ಕಂಪ್ಯೂಟರ್ ದಾಖಲಿಸಿದ ಕೋಡ್ ಓದುವ ಸ್ಕ್ಯಾನರ್ ಹಾಕಿದರೆ ಗೊತ್ತಾಗುತ್ತಾ?

ಸ್ವಲ್ಪ ಮಟ್ಟಿಗೆ. ಕಾರಿನ ಕಂಪ್ಯೂಟರ್‌ಗಳು ಕ್ಯಾನ್ ಬಸ್ ಎಂಬ ಎರಡು ತಂತಿಯ ಮೂಲಕ ಮಾತಾಡಿಕೊಳ್ಳುತ್ತವೆ. ಮೀಟರ್ ಮಾತು ನಿಲ್ಲಿಸಿದರೆ ಬೇರೆ ಕಂಪ್ಯೂಟರ್‌ಗಳು ಅದನ್ನು ದಾಖಲಿಸುತ್ತವೆ. ಯು0155 ಎಂಬ ಕೋಡ್ ಬಂದರೆ ಮೀಟರ್ ಜೊತೆ ಸಂಪರ್ಕ ತಪ್ಪಿದೆ ಎಂದು ಅರ್ಥ. ಆದರೆ ಮೀಟರ್ ಕೆಟ್ಟಿದೆಯೋ, ಕರೆಂಟ್ ಬಂದಿಲ್ಲವೋ, ತಂತಿ ತುಂಡಾಗಿದೆಯೋ ಎಂದು ಕೋಡ್ ಹೇಳುವುದಿಲ್ಲ. ಅದನ್ನು ಕನೆಕ್ಟರ್ ಹತ್ತಿರ ಅಳತೆ ಮಾಡಿಯೇ ತಿಳಿಯಬೇಕು. ಬರುವ ಕರೆಂಟ್, ಅರ್ಥ್ ಎರಡೂ ಸರಿಯಾಗಿದ್ದು ಮೀಟರ್ ಕಪ್ಪಾಗಿದ್ದರೆ ಬೋರ್ಡ್ ಕೆಟ್ಟಿದೆ ಎಂದು ಧೈರ್ಯವಾಗಿ ಹೇಳಬಹುದು.

ಹೈಬ್ರಿಡ್ ಕಾರು ಅಂದರೆ ಶಾಕ್ ಹೊಡೆಯುವ ಭಯ. ನಾನು ಮುಟ್ಟಬಹುದಾ?

ಭಯ ಸಹಜ, ಒಳ್ಳೆಯದೂ ಹೌದು. ಜೀವಕ್ಕೆ ಅಪಾಯವಿರುವ ಹೆಚ್ಚಿನ ವೋಲ್ಟೇಜ್ ಹರಿಯುವುದು ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಲ್ಲಿ. ಮೀಟರ್ ಕೆಲಸಕ್ಕೆ ಆ ಕೇಬಲ್‌ಗಳ ಹತ್ತಿರ ಹೋಗುವ ಅಗತ್ಯವೇ ಇಲ್ಲ. ಕಿತ್ತಳೆ ಬಣ್ಣದ್ದು ಏನೇ ಕಂಡರೂ ಕೈ ಹಾಕಬೇಡಿ.

ಇಲ್ಲಿ ನಿಜವಾಗಿ ಎಚ್ಚರ ಬೇಕಿರುವುದು ಏರ್‌ಬ್ಯಾಗ್ ಬಗ್ಗೆ. ಡ್ಯಾಶ್‌ಬೋರ್ಡ್ ಬಿಚ್ಚುವಾಗ ಅದರ ಹಳದಿ ಕನೆಕ್ಟರ್‌ಗಳು ಎದುರಾಗುತ್ತವೆ. ಮೊದಲು 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ಆಮೇಲೆ ಕನಿಷ್ಠ 90 ಸೆಕೆಂಡ್ ಕಾಯಿರಿ. ನಾನು ಇನ್ನೂ ಜಾಸ್ತಿ ಹೊತ್ತು ಕಾಯುತ್ತೇನೆ, ಅವಸರಪಟ್ಟು ಸಿಗುವುದು ಏನೂ ಇಲ್ಲ. ಆ ಕನೆಕ್ಟರ್‌ಗಳಿಗೆ ಮಲ್ಟಿಮೀಟರ್ ಹಚ್ಚಿ ಓಮ್ ಅಳೆಯುವ ಪ್ರಯತ್ನ ಯಾವತ್ತೂ ಬೇಡ. ಮಲ್ಟಿಮೀಟರಿನ ಚಿಕ್ಕ ಕರೆಂಟೇ ಏರ್‌ಬ್ಯಾಗ್ ಸಿಡಿಯಲು ಕಾರಣವಾಗಬಹುದು. ಕನೆಕ್ಟರ್ ಬಿಚ್ಚಿರುವಾಗ ಕಾರು ಆನ್ ಮಾಡಲೂ ಬೇಡಿ. ಏರ್‌ಬ್ಯಾಗ್ ದೀಪ ಹತ್ತಿಕೊಂಡು, ಅದನ್ನು ಅಳಿಸಲು ಮತ್ತೆ ಸ್ಕ್ಯಾನರ್ ಹುಡುಕಬೇಕಾಗುತ್ತದೆ.

ಪ್ರಿಯಸ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಡಿಕ್ಕಿಯ ಬಾಗಿಲು ತೆರೆಯುವುದು ಕರೆಂಟಿನಿಂದ. ಬ್ಯಾಟರಿ ಇರುವುದೂ ಡಿಕ್ಕಿಯಲ್ಲೇ. ತಂತಿ ತೆಗೆದ ಮೇಲೆ ಡಿಕ್ಕಿ ಮುಚ್ಚಿಬಿಟ್ಟರೆ ಹೊರಗಿನಿಂದ ತೆರೆಯದು. ಹಾಗಾದರೂ ಬಾನೆಟ್ ಕೆಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ ಜಂಪ್ ಮಾಡುವ ಕೆಂಪು ಮುಚ್ಚಳದ ಟರ್ಮಿನಲ್ ಇದೆ, ಅಲ್ಲಿಂದ 12 ವೋಲ್ಟ್ ಕೊಟ್ಟು ತೆರೆಯಬಹುದು. ಪ್ಲಸ್, ಮೈನಸ್ ಅದಲು ಬದಲಾದರೆ ಮಾತ್ರ ದುಬಾರಿ ಭಾಗಗಳು ಸುಡುತ್ತವೆ.

ಮೀಟರ್ ಹೊರಗೆ ತೆಗೆಯುವುದು ಎಷ್ಟು ಕಷ್ಟ?

ನಿಜ ಹೇಳಬೇಕೆಂದರೆ ಬೆಸುಗೆ ಹಾಕುವ ಕೆಲಸಕ್ಕಿಂತ ಇದೇ ಕಷ್ಟ. ಪ್ರಿಯಸ್‌ನ ಮೀಟರ್ ಸ್ಟಿಯರಿಂಗ್ ಹಿಂದೆ ಇಲ್ಲ. ಡ್ಯಾಶ್‌ಬೋರ್ಡ್ ನಡುವೆ, ಮುಂದಿನ ಗಾಜಿನ ಬುಡದಲ್ಲಿ ಹುದುಗಿಕೊಂಡಿದೆ. ಅಲ್ಲಿಗೆ ಕೈ ಹೋಗಬೇಕಾದರೆ ಎಸಿ ಗಾಳಿ ಬರುವ ಜಾಲರಿಗಳು, ಬದಿಯ ಪಟ್ಟಿಗಳು, ಡ್ಯಾಶ್‌ಬೋರ್ಡಿನ ಮೇಲ್ಭಾಗ ಎಲ್ಲವನ್ನೂ ಸಡಿಲಿಸಬೇಕು. ಮೊದಲ ಸಲ ಮಾಡುವವರು ಒಂದು ದಿನ ಪೂರ್ತಿ ಇಟ್ಟುಕೊಳ್ಳಿ.

ಹಳೆಯ ಪ್ಲಾಸ್ಟಿಕ್ ಬಿಸಿಲಿಗೆ ಗಡುಸಾಗಿರುತ್ತದೆ. ಚಳಿಯಲ್ಲಿ ಬಿಚ್ಚಿದರೆ ಕ್ಲಿಪ್‌ಗಳು ಪಟಪಟನೆ ಮುರಿಯುತ್ತವೆ. ಕಾರಿನ ಒಳಗೆ ಬೆಚ್ಚಗಿರುವಾಗ ಮಾಡಿ. ಸ್ಕ್ರೂ ಡ್ರೈವರ್ ಬದಲು ಪ್ಲಾಸ್ಟಿಕ್ ಪಟ್ಟಿ ಬಳಸಿ ಎಬ್ಬಿಸಿ, ಗೀರು ಬೀಳುವುದಿಲ್ಲ. ಪ್ರತಿ ಹಂತಕ್ಕೂ ಫೋಟೋ ತೆಗೆಯಿರಿ. ಸ್ಕ್ರೂಗಳನ್ನು ಬೇರೆ ಬೇರೆ ಬಟ್ಟಲಲ್ಲಿ ಹಾಕಿ, ಯಾವುದು ಎಲ್ಲಿಯದು ಎಂದು ಚೀಟಿ ಅಂಟಿಸಿ. ಉದ್ದದ ಸ್ಕ್ರೂ ತಪ್ಪು ಜಾಗಕ್ಕೆ ಹೋದರೆ ಹಿಂದಿನ ತಂತಿಯನ್ನೇ ಚುಚ್ಚಬಹುದು.

ಯಾವ ಕೆಪ್ಯಾಸಿಟರ್ ಹಾಕಬೇಕು?

ಹಳೆಯದರ ಮೇಲೆ ಬರೆದಿರುವುದನ್ನು ಓದಿ. ಮೈಕ್ರೋಫ್ಯಾರಡ್ ಅಳತೆ ಅದೇ ಇರಬೇಕು. ವೋಲ್ಟೇಜ್ ಅಷ್ಟೇ ಅಥವಾ ಒಂದು ಮೆಟ್ಟಿಲು ಹೆಚ್ಚು ಇರಬಹುದು, ಕಡಿಮೆ ಇರಬಾರದು. 85 ಡಿಗ್ರಿಯದು ಬೇಡ, ಕನಿಷ್ಠ 105 ಡಿಗ್ರಿಯದು ಹಾಕಿ. ಪವರ್ ಸಪ್ಲೈ ಭಾಗವಾದ್ದರಿಂದ ಒಳ ಪ್ರತಿರೋಧ ಕಡಿಮೆ ಇರುವಂಥದ್ದನ್ನು ಕೇಳಿ ತನ್ನಿ. ಎತ್ತರವನ್ನೂ ನೋಡಿ, ಮುಚ್ಚಳ ಹಾಕುವಾಗ ತಾಗಬಾರದು.

ಪ್ಲಸ್ ಮೈನಸ್ ಬಗ್ಗೆ ಎರಡು ಸಲ ಯೋಚಿಸಿ. ಅಲ್ಯೂಮಿನಿಯಂ ಡಬ್ಬಿಯ ಕೆಪ್ಯಾಸಿಟರಿನಲ್ಲಿ ಕಪ್ಪು ಪಟ್ಟಿ ಇರುವ ಕಡೆ ಮೈನಸ್. ಚೌಕಾಕಾರದ ಟ್ಯಾಂಟಲಮ್ ಕೆಪ್ಯಾಸಿಟರಿನಲ್ಲಿ ಪಟ್ಟಿ ಇರುವ ಕಡೆ ಪ್ಲಸ್. ಈ ವ್ಯತ್ಯಾಸ ಗೊತ್ತಿಲ್ಲದೆ ಉಲ್ಟಾ ಹಾಕಿ ಬೋರ್ಡ್ ಸುಟ್ಟುಕೊಂಡವರು ಬಹಳ ಜನ. ಬಿಚ್ಚುವ ಮೊದಲೇ ಹತ್ತಿರದಿಂದ ಫೋಟೋ ತೆಗೆದಿಟ್ಟರೆ ಗೊಂದಲ ಇರುವುದಿಲ್ಲ.

ಸತ್ತದ್ದು ಒಂದೇ ಆಗಿದ್ದರೂ ಅದೇ ಬೋರ್ಡಿನ ಉಳಿದ ಅಲ್ಯೂಮಿನಿಯಂ ಕೆಪ್ಯಾಸಿಟರ್‌ಗಳಿಗೂ ಅಷ್ಟೇ ವಯಸ್ಸಾಗಿದೆ. ಅಷ್ಟೆಲ್ಲ ಬಿಚ್ಚಿದ ಮೇಲೆ ಅವನ್ನೂ ಬದಲಾಯಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ರೇಡಿಯೊಗೆಲ್ಲ ಬೆಸುಗೆ ಹಾಕಿ ಅಭ್ಯಾಸವಿದೆ. ನಾನೇ ಮಾಡಲಾ?

ಬೋರ್ಡಿನ ಮೇಲ್ಮೈಗೆ ಅಂಟಿದಂಥ ಚಿಕ್ಕ ಭಾಗಗಳನ್ನು ತೆಗೆದು ಹಾಕಿ ಅಭ್ಯಾಸವಿದ್ದರೆ ಮಾಡಿ. ಇಲ್ಲದಿದ್ದರೆ ಮೊದಲು ಬೇಡದ ಹಳೆಯ ಬೋರ್ಡ್ ಮೇಲೆ ಹತ್ತಾರು ಸಲ ಕೈ ಪಳಗಿಸಿಕೊಳ್ಳಿ.

ಜನ ಮಾಡುವ ದೊಡ್ಡ ತಪ್ಪು ಹಳೆಯ ಕೆಪ್ಯಾಸಿಟರನ್ನು ಹಿಡಿದು ತಿರುಚಿ ಕೀಳುವುದು. ಅದರ ಜೊತೆ ತಾಮ್ರದ ಪ್ಯಾಡ್ ಕೂಡ ಎದ್ದು ಬರುತ್ತದೆ. ಆಮೇಲೆ ರಿಪೇರಿ ತುಂಬಾ ಕಷ್ಟ. ಎರಡೂ ಕಾಲಿಗೆ ಬೆಸುಗೆ ಸಲೀಸಾಗಿ ಹರಿಯಲು ನೆರವಾಗುವ ಫ್ಲಕ್ಸ್ ಹಚ್ಚಿ, ಸ್ವಲ್ಪ ಹೊಸ ಸೀಸದ ಸೋಲ್ಡರ್ ಸೇರಿಸಿ. ಸೀಸವಿಲ್ಲದ ಸೋಲ್ಡರ್ ಕರಗಲು ಸುಮಾರು 217 ಡಿಗ್ರಿ ಬೇಕು, ಸೀಸ ಬೆರೆತದ್ದು 183ಕ್ಕೇ ಕರಗುತ್ತದೆ. ಎರಡೂ ಬೆರೆತಾಗ ಕಡಿಮೆ ಶಾಖಕ್ಕೇ ಮೆತ್ತಗಾಗಿ ಕೆಪ್ಯಾಸಿಟರ್ ತಾನೇ ಜಾರಿ ಬರುತ್ತದೆ. ಎಳೆಯಬೇಕಾಗಿಯೇ ಇಲ್ಲ.

ಕೆಳಗೆ ಸೋರಿದ ದ್ರವದ ಕಲೆ ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಹಾಗೇ ಬಿಟ್ಟರೆ ಅದು ತಾಮ್ರದ ದಾರಿಯನ್ನು ಮೆಲ್ಲಗೆ ತಿಂದುಹಾಕುತ್ತದೆ, ಹೊಸ ಕೆಪ್ಯಾಸಿಟರ್ ಹಾಕಿದರೂ ತೊಂದರೆ ಮರುಕಳಿಸುತ್ತದೆ. ಡಿಸ್‌ಪ್ಲೇಯ ಗಾಜಿಗೆ ಪೆಟ್ಟು ಬೀಳದಂತೆ ನೋಡಿಕೊಳ್ಳಿ. ಕೂದಲೆಳೆಯಷ್ಟು ಬಿರುಕು ಬಿಟ್ಟು ಒಳಗೆ ಗಾಳಿ ಹೋದರೆ ಅದನ್ನು ಉಳಿಸಲು ದಾರಿಯೇ ಇಲ್ಲ. ಕೆಲಸ ಗಾಳಿಯಾಡುವ ಜಾಗದಲ್ಲಿ ಮಾಡಿ, ಮುಗಿದ ಮೇಲೆ ಕೈ ತೊಳೆದುಕೊಳ್ಳಿ.

ಗುಜರಿಯಿಂದ ಇನ್ನೊಂದು ಮೀಟರ್ ತಂದು ಹಾಕಿದರೆ ಸುಲಭ ಅಲ್ವಾ?

ಹಾಕಬಹುದು, ಆದರೆ ಎರಡು ತೊಡಕಿವೆ. ಅದೂ ನಿಮ್ಮ ಕಾರಿನಷ್ಟೇ ಹಳೆಯದು. ಅದರೊಳಗಿನ ಕೆಪ್ಯಾಸಿಟರಿಗೂ ಅಷ್ಟೇ ವಯಸ್ಸು. ಇಂದು ಬೆಳಗಿದ್ದು ನಾಳೆ ಆರಬಹುದು.

ಎರಡನೆಯದು ಓಡೋಮೀಟರ್. ಕಾರು ಎಷ್ಟು ಓಡಿದೆ ಎಂಬ ಲೆಕ್ಕ ಮೀಟರಿನ ಒಳಗಿರುವ ನೆನಪಿನ ಚಿಪ್‌ನಲ್ಲಿ ಇರುತ್ತದೆ. ಬೇರೆ ಮೀಟರ್ ಹಾಕಿದರೆ ಬೇರೆ ಕಾರಿನ ಲೆಕ್ಕ ನಿಮ್ಮ ಕಾರಿನಲ್ಲಿ ಕಾಣುತ್ತದೆ. ಕಾರು ಮಾರುವಾಗ ಇದು ದೊಡ್ಡ ತಲೆನೋವು. ಮೋಸದ ಉದ್ದೇಶದಿಂದ ಈ ಲೆಕ್ಕ ಬದಲಾಯಿಸುವುದು ಹಲವು ದೇಶಗಳಲ್ಲಿ ಅಪರಾಧ. ಅಮೆರಿಕದ ಕಾನೂನಿನಲ್ಲಂತೂ, ರಿಪೇರಿ ಆದ ಮೇಲೆ ಮೊದಲಿನ ಅಂಕಿ ಇಡಲು ಆಗದಿದ್ದರೆ ಓಡೋಮೀಟರನ್ನು ಸೊನ್ನೆಗೆ ತಂದು, ಹಳೆಯ ಅಂಕಿ ಮತ್ತು ತಾರೀಖು ಬರೆದ ಚೀಟಿಯನ್ನು ಎಡ ಬಾಗಿಲ ಚೌಕಟ್ಟಿಗೆ ಅಂಟಿಸಬೇಕು ಎಂದಿದೆ.

ನಿಮ್ಮದೇ ಮೀಟರನ್ನು ರಿಪೇರಿ ಮಾಡಿದರೆ ಈ ಯಾವ ರಗಳೆಯೂ ಇಲ್ಲ. ಲೆಕ್ಕ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ನಾನು ಯಾವಾಗಲೂ ಹೇಳುವುದು ಇದನ್ನೇ: ಮೂಲ ಮೀಟರನ್ನು ಬಿಟ್ಟುಕೊಡಬೇಡಿ. ಬೇರೆಯದನ್ನು ತಾತ್ಕಾಲಿಕವಾಗಿ ಹಾಕಿದರೂ ಹಳೆಯದನ್ನು ಎಸೆಯಬೇಡಿ.

ರಿಪೇರಿಗೆ ಕೊಡುತ್ತೇನೆ. ಏನೇನು ಕೇಳಬೇಕು?

ನನ್ನದೇ ಬೋರ್ಡ್ ವಾಪಸ್ ಕೊಡುತ್ತೀರಾ, ಇಲ್ಲ ಬೇರೆಯದನ್ನು ಕೊಡುತ್ತೀರಾ ಎಂದು ಮೊದಲೇ ಕೇಳಿ. ಯಾವ ಭಾಗ ಬದಲಾಯಿಸಿದರು ಎಂದು ಬರೆಸಿಕೊಳ್ಳಿ. ತೆಗೆದ ಹಳೆಯ ಭಾಗ ಬೇಕು ಎಂದು ಹೇಳಿ. ಓಡೋಮೀಟರಿನ ಕೊನೆಯ ಅಂಕಿಯ ಫೋಟೋ ನಿಮ್ಮ ಹತ್ತಿರ ಇರಲಿ. ಮೀಟರ್ ಆಗಾಗ ಬರುತ್ತಿರುವಾಗಲೇ ಆ ಫೋಟೋ ತೆಗೆದುಬಿಡಿ. ಕಪ್ಪಾದ ಮೇಲೆ ಹಳೆಯ ಸರ್ವಿಸ್ ಬಿಲ್ ನೋಡಿ ಅಂದಾಜು ಮಾಡಬೇಕಾಗುತ್ತದೆ.

ಕಾರು ಇಲ್ಲದೆ ಮೀಟರನ್ನು ಮಾತ್ರ ಕೊರಿಯರ್‌ನಲ್ಲಿ ಕಳಿಸುವುದಾದರೆ ಗಾಜಿನ ಪಾತ್ರೆ ಎಂದುಕೊಂಡೇ ಪ್ಯಾಕ್ ಮಾಡಿ.

ನನ್ನ ಕಾರಿನಲ್ಲಿ ಹೋಗಿರುವುದು ನಡುವಿನ ಟಚ್ ಸ್ಕ್ರೀನ್. ಅದಕ್ಕೂ ಇದೇ ರಿಪೇರಿಯಾ?

ಇಲ್ಲ. ಅದು ಬೇರೆ ಸಾಧನ, ಬೇರೆ ಕೆಡುಕು. ಸ್ಕ್ರೀನ್ ಕಪ್ಪಾಗುವುದು, ಮುಟ್ಟಿದ್ದು ಒಂದು ಕಡೆ, ತೆರೆಯುವುದು ಇನ್ನೊಂದು ಕಡೆ, ಇವೆಲ್ಲ ಅಲ್ಲಿ ಕಾಣುವ ತೊಂದರೆಗಳು. ಹೆಚ್ಚಾಗಿ ಬೋರ್ಡ್‌ನ ಬೆಸುಗೆ ಬಿಟ್ಟಿರುತ್ತದೆ. ಕಾರು ಓಡಿಸಲು ಆ ಸ್ಕ್ರೀನ್ ಬೇಕಿಲ್ಲ, ಆದರೆ ಪ್ರಿಯಸ್‌ನಲ್ಲಿ ಎಸಿಯ ಎಷ್ಟೋ ಹೊಂದಾಣಿಕೆಗಳು ಅದರ ಮೂಲಕವೇ ಆಗುತ್ತವೆ. ಅದನ್ನು ಹೊರತೆಗೆಯುವುದು ಮೀಟರಿಗಿಂತ ಎಷ್ಟೋ ಸುಲಭ. ಹಳೆಯ ಎಲ್‌ಸಿಡಿ ಸ್ಕ್ರೀನ್ ಬಿಚ್ಚಿದಾಗ ಹಿಂದಿನ ಬೆಳಕಿಗೆ ಟ್ಯೂಬ್ ಇದ್ದರೆ ಎಚ್ಚರ, ಅದಕ್ಕೆ ನೂರಾರು ವೋಲ್ಟ್ ಕೊಡುವ ಇನ್ವರ್ಟರ್ ಪಕ್ಕದಲ್ಲೇ ಇರುತ್ತದೆ. ಕರೆಂಟ್ ಇರುವಾಗ ಮುಟ್ಟಬೇಡಿ.

ರಿಪೇರಿ ಆಯಿತು. ಎಲ್ಲ ಜೋಡಿಸುವ ಮೊದಲು ಏನು ನೋಡಬೇಕು?

ಡ್ಯಾಶ್‌ಬೋರ್ಡ್ ಪೂರ್ತಿ ಮುಚ್ಚುವ ಮುಂಚೆ ಪರೀಕ್ಷೆ ಮಾಡಿ. ಬಿಚ್ಚಿದ ಏರ್‌ಬ್ಯಾಗ್ ಕನೆಕ್ಟರ್‌ಗಳೆಲ್ಲ ಸೇರಿವೆಯೇ ನೋಡಿ, ಆಮೇಲೆ ಬ್ಯಾಟರಿ ತಂತಿ ಹಾಕಿ. ಕಾರು ರೆಡಿಗೆ ಬರಲಿ. ಎಲ್ಲ ಎಚ್ಚರಿಕೆಯ ದೀಪಗಳೂ ಒಮ್ಮೆ ಹತ್ತಿ ಆರಬೇಕು. ಪಾರ್ಕಿಂಗ್ ಬ್ರೇಕ್ ಹಾಕಿಕೊಂಡೇ, ಬ್ರೇಕ್ ತುಳಿದು ಪಿ, ಆರ್, ಎನ್, ಡಿ ಎಲ್ಲ ಹಾಕಿ ನೋಡಿ. ಓಡೋಮೀಟರ್ ಹಳೆಯ ಅಂಕಿಯನ್ನೇ ತೋರಿಸುತ್ತಿದೆಯೇ? ಪವರ್ ಬಟನ್ ಒಂದೇ ಸಲ ಒತ್ತಿದರೆ ಕಾರು ಆಫ್ ಆಗುತ್ತಿದೆಯೇ? ಇದು ಮುಖ್ಯ. ಮೀಟರ್ ಮತ್ತೆ ಮಾತಾಡುತ್ತಿದೆ ಎಂಬುದಕ್ಕೆ ಇದೇ ಗುರುತು.

ಆಮೇಲೆ ಒಂದರ್ಧ ಗಂಟೆ ಹಾಗೇ ಆನ್ ಇಟ್ಟು ಬಿಸಿಯಾಗಲು ಬಿಡಿ, ಆದರೆ ತೆರೆದ ಜಾಗದಲ್ಲಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಇನ್ನೊಮ್ಮೆ ನೋಡಿ. ಎರಡರಲ್ಲೂ ಪಾಸಾದ ಮೇಲೆ ಕೊನೆಯ ಕ್ಲಿಪ್ ಒತ್ತಿ.

ಬ್ಯಾಟರಿ ತಂತಿ ತೆಗೆದದ್ದರಿಂದ ಗಡಿಯಾರ, ರೇಡಿಯೊ ಚಾನೆಲ್‌ಗಳನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಒಂದೇ ಒತ್ತಿಗೆ ಏರುವ ಕಿಟಕಿ ಹಾಗೆ ಏರದಿದ್ದರೆ ಕಾರಿನ ಕೈಪಿಡಿಯಲ್ಲಿ ಅದನ್ನು ಹೊಂದಿಸುವ ಕ್ರಮ ಇರುತ್ತದೆ.

ಎಷ್ಟು ದಿನ ಬಾಳುತ್ತದೆ? ಮತ್ತೆ ಹೋಗುವುದಿಲ್ಲ ತಾನೇ?

ಮೂಲ ಕೆಪ್ಯಾಸಿಟರ್ ಎಷ್ಟೋ ವರ್ಷ ಬಂದಿದೆ. ಒಳ್ಳೆಯ ಗುಣಮಟ್ಟದ್ದು ಹಾಕಿ, ಸೋರಿದ್ದನ್ನು ಚೆನ್ನಾಗಿ ತೊಳೆದಿದ್ದರೆ ಹೊಸದೂ ಅಷ್ಟೇ ಬರಬೇಕು. ನಿಮ್ಮ ಕಡೆಯಿಂದ ಆಗುವುದು ಎರಡು. ಕಾರನ್ನು ನೆರಳಲ್ಲಿ ನಿಲ್ಲಿಸಿ, ನೆರಳಿಲ್ಲದಿದ್ದರೆ ಮುಂದಿನ ಗಾಜಿಗೆ ಒಳಗಿನಿಂದ ಬಿಸಿಲು ತಡೆಯುವ ಹೊದಿಕೆ ಹಾಕಿ. 12 ವೋಲ್ಟ್ ಬ್ಯಾಟರಿ ಸೋಲುತ್ತಿದೆ ಅನ್ನಿಸಿದಾಗ ಮುಂದೂಡದೆ ಬದಲಾಯಿಸಿ. ಪ್ರಿಯಸ್‌ಗೆ ಆದರೆ ಕಾರಿನ ಒಳಗೆ ಇಡಲೆಂದೇ ಮಾಡಿದ, ಗಾಳಿ ಹೊರಹೋಗುವ ಕೊಳವೆ ಇರುವ ಬ್ಯಾಟರಿಯನ್ನೇ ಕೇಳಿ ಹಾಕಿಸಿ, ಆ ಕೊಳವೆಯನ್ನು ಮರೆಯದೆ ಜೋಡಿಸಿ.